ಧೂಳಿನ ದಿನ ತೆರೆದ ಜಾಡಿ

ಆ ಬೆಳಗ್ಗೆ ಬೆಳಕು ಹರಿದದ್ದೇ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ದೂರದ ಮರಳುಗಾಡಿನಿಂದ ಎದ್ದು ಸಮುದ್ರ ದಾಟಿ ಬರುವ ಹಳದಿ ಧೂಳು ಇರುಳಲ್ಲೇ ಬಂದು ದೊಲ್‌ಗೊಲ್ ಊರಿನ ಮೇಲೆ ಕೂತುಬಿಟ್ಟಿತ್ತು. ಸೂರ್ಯ ಎದ್ದಿದ್ದ, ಆದರೆ ಹಬ್ಬ ಕಳೆದ ಮೇಲೆ ಯಾರೂ ತಿಕ್ಕದೆ ಇಟ್ಟ ಹಿತ್ತಾಳೆ ಬಟ್ಟಲಿನ ಹಾಗಿದ್ದ. ಎದುರಿನ ಗುಡ್ಡ ಇದ್ದ ಜಾಗದಲ್ಲಿ ಇರಲಿಲ್ಲ. ಬೇಲಿಯ ನಾಯಿ ಒಮ್ಮೆ ಸೀನಿ, ಬೊಗಳುವುದು ನಾಳೆಗಿರಲಿ ಎಂಬಂತೆ ಮೂತಿ ಹುದುಗಿಸಿ ಮಲಗಿತು.

ಇಂಥ ದಿನ ನಮ್ಮ ಕಡೆ ಬಟ್ಟೆ ಒಣಹಾಕುವುದಿಲ್ಲ, ಕಿಟಕಿ ತೆರೆಯುವುದಿಲ್ಲ. ಎಲ್ಲಕ್ಕಿಂತ ಮೊದಲು, ಜಾಂಗ್ ಜಾಡಿಯ ಮುಚ್ಚಳ ತೆಗೆಯುವುದಿಲ್ಲ. ಅದಕ್ಕೇ ನಮ್ಹೆಯಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಆ ಧೂಳಿಗೆ ಎರಡೂ ಕೈ ಮುಗಿದಳು.

“ಇವತ್ತೊಂದು ದಿನ ನಿಂತಿರಪ್ಪಾ. ಸಂಜೆವರೆಗೆ ನಿಂತ್ರೆ ಸಾಕು.”

ನಮ್ಮೂರಲ್ಲಿ ಮದುವೆಯಾಗಿ ಬಂದ ಹೆಂಗಸಿಗೆ ಸ್ವಂತ ಹೆಸರು ಬಹಳ ದಿನ ಬಾಳುವುದಿಲ್ಲ. ತವರೂರಿನ ಹೆಸರೇ ಅವಳ ಹೆಸರಾಗುತ್ತದೆ. ನಮ್ಹೆ ದ್ವೀಪದಿಂದ ಬಂದವಳು ನಮ್ಹೆಯಮ್ಮ. ಅವಳಿಗಿಂತ ಮೊದಲೇ ಹಾದೊಂಗ್‌ನಿಂದ ಪಕ್ಕದ ಮನೆಗೆ ಬಂದವಳು ಹಾದೊಂಗಮ್ಮ. ಎರಡು ಹಿತ್ತಿಲಿನ ನಡುವೆ ಎದೆಮಟ್ಟದ ಕಲ್ಲುಗೋಡೆ. ಆ ಗೋಡೆಯ ಮೇಲೆ ಹಿಂದೆ ಸೊಪ್ಪು, ಸಾರು, ಸುದ್ದಿ ಎಲ್ಲವೂ ದಾಟುತ್ತಿದ್ದವು. ಈಚೆಗೆ ಕುಟುಕು ಮಾತು ಮಾತ್ರ ದಾಟುತ್ತಿತ್ತು.

ಜಾಂಗ್ ಎಂದರೆ ಸೋಯಾ ಕಾಳು ಬೇಯಿಸಿ, ಮುದ್ದೆ ಕಟ್ಟಿ ಹುದುಗಿಸಿ, ಉಪ್ಪುನೀರಲ್ಲಿ ಮುಳುಗಿಸಿ ಇಳಿಸಿಕೊಳ್ಳುವ ಕರಿ ರಸ. ಎಲ್ಲರ ಹಿತ್ತಿಲಲ್ಲೂ ಜಾಡಿಕಟ್ಟೆ ಇದೆ, ವರ್ಷವರ್ಷದ ಜಾಂಗ್ ಅಲ್ಲಿ ಸಾಲಾಗಿ ಕೂತಿರುತ್ತದೆ. ನಮ್ಹೆಯಮ್ಮನ ಕಟ್ಟೆಯಲ್ಲಿ ಇನ್ನೂ ಒಂದಿತ್ತು: ಮೊಣಕಾಲೆತ್ತರದ, ಕಂಠ ಸವೆದ ಹಿರಿಯ ಜಾಡಿ. ಅದರೊಳಗೆ ಅತ್ತೆಯ ಅತ್ತೆಯ ಕಾಲದಿಂದ ಬತ್ತದೆ ಬಂದ ಬೀಜದ ಜಾಂಗ್. ವರ್ಷಕ್ಕೊಮ್ಮೆ, ಆರಿ ತಗ್ಗಿದಷ್ಟನ್ನು ಅದರ ನಂತರದ ವಯಸ್ಸಿನ ಜಾಡಿಯಿಂದ ತುಂಬಿಸಬೇಕು. ಎಳೆಯದು ಹಳೆಯದಕ್ಕೆ ಸೇರಬಹುದು, ಹಳೆಯದು ಎಳೆಯದರ ಮನೆಗೆ ಹೋಗಬಾರದು. ಹಿರಿಯರ ಎಡೆಯ ಸಾರಿಗೆ ಅದರಿಂದ ಒಂದೇ ಚಮಚ. ಜಾಂಗ್ ರುಚಿ ಕೆಟ್ಟರೆ ಮನೆ ಕೆಡುತ್ತದೆ ಎಂಬುದು ನಮ್ಮ ಹೆಂಗಸರು ಯಾರಿಂದಲೂ ಓದಿಸಿಕೊಳ್ಳದೆ ಕಲಿತ ಶಾಸ್ತ್ರ.

ಆ ಬೀಜದ ಜಾಂಗ್ ಕೆಟ್ಟುಹೋಗಿತ್ತು. ನಮ್ಹೆಯಮ್ಮನೊಬ್ಬಳಿಗೆ ಬಿಟ್ಟರೆ ಯಾರಿಗೂ ಅದು ತಿಳಿದಿರಲಿಲ್ಲ.

ಹೋದ ವಸಂತದಲ್ಲಿ ಸಿಯೋಲ್‌ನಿಂದ ಧಾರಾವಾಹಿ ತೆಗೆಯುವವರು ಬಂದು ಅವಳ ಮನೆಯನ್ನು ಆರಿಸಿಕೊಂಡರು. ಕಥೆಯಲ್ಲಿ ಅತ್ತೆಯೊಬ್ಬಳು ಸಾಯುವ ಮುಂಚೆ ಸೊಸೆಗೆ ಬೀಜದ ಜಾಂಗ್ ಒಪ್ಪಿಸುತ್ತಾಳೆ. ಅದು ನಡೆದದ್ದು ಇದೇ ಜಾಡಿಕಟ್ಟೆಯಲ್ಲಿ. ಚಿತ್ರ ಚೆಂದ ಬರಲೆಂದು ಅವರು ಜಾಡಿಗಳನ್ನು ಹಿಂದೆಮುಂದೆ ಸರಿಸಿದರು. ಬಣ್ಣ ಕಲಸಿದ ಕರಿನೀರು ತುಂಬಿದ ತಮ್ಮದೊಂದು ಜಾಡಿಯನ್ನೂ ಸಾಲಿಗೆ ಸೇರಿಸಿ, ಹೋಗುವಾಗ ಸಾಲನ್ನು ಮೊದಲಿನಂತೆ ಜೋಡಿಸದೆ ಅದನ್ನೂ ಅಲ್ಲೇ ಬಿಟ್ಟುಹೋದರು. ಧಾರಾವಾಹಿ ದೇಶ ದಾಟಿತು. ಚಳಿಗಾಲ ಶುರುವಾದಾಗ ಹೊರದೇಶದವರು ಬಸ್ಸುಗಳಲ್ಲಿ ಬರತೊಡಗಿದರು. ಬಂದವರಿಗೆ ನೀರು ಕೊಡಬೇಕು, ನಗಬೇಕು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಅವಳ ಗಂಡನಂತೂ ಬಸ್ಸಿನ ಸದ್ದು ಕೇಳಿದರೆ ಹೊಲದ ದಾರಿ ಹಿಡಿಯುತ್ತಿದ್ದ.

ಚಳಿ ಮುಗಿಯುವ ಹೊತ್ತಿಗೆ ಹಿರಿಯ ಜಾಡಿ ತುಂಬಿಸುವ ದಿನ ಬಂತು. ಅವತ್ತು ಒಂದು ಬಸ್ಸು ಬಂದುಹೋಗಿತ್ತು, ಇನ್ನೊಂದು ಬರುವುದಿತ್ತು. ನಮ್ಹೆಯಮ್ಮನಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಆದರೂ ಮಿಂದು, ಬಿಳಿ ಕಾಗದದ ತುಂಡನ್ನು ತುಟಿಗಳ ನಡುವೆ ಕಚ್ಚಿಕೊಂಡಳು. ಬೀಜದ ಜಾಂಗ್ ಮುಂದೆ ಉಸಿರು ಬೀಳಬಾರದು, ಎಂಜಲು ಬೀಳಬಾರದು, ವ್ಯರ್ಥ ಮಾತಂತೂ ಬೀಳಲೇಬಾರದು. ಕಾಗದ ಕಚ್ಚಿದ ಬಾಯಿ ರುಚಿ ನೋಡುವುದು ಹೇಗೆ? ಯಾವ ವರ್ಷವೂ ನೋಡಬೇಕಾಗಿ ಬಂದಿರಲಿಲ್ಲ. ಕೈಗೆ ಜಾಗ ಗೊತ್ತಿತ್ತು, ಕೈ ಎಂದಿನ ಜಾಗದಿಂದ ಮೊಗೆದು ಸುರಿಯಿತು. ಆ ಜಾಗದಲ್ಲಿ ಕೂತಿದ್ದದ್ದು ಸಿಯೋಲ್‌ನವರ ಕರಿನೀರು.

ಮುಂದಿನ ಸಲ ಮುಚ್ಚಳ ತೆಗೆದಾಗ ಮೇಲೆ ಬಿಳಿ ಪೊರೆ ಕಟ್ಟಿತ್ತು. ಒಳಗಿನಿಂದ ಒದ್ದೆ ಅರಿವೆಯ ವಾಸನೆ. ಅವಳು ಮುಚ್ಚಳ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಗಂಡನಿಗೆ ಹೇಳಿದರೆ ಊರ ಮುದುಕರು ಹರಟೆಗೆ ಸೇರುವ ಹಿರಿಯರ ಕೋಣೆಗೆ ಹೇಳಿದ ಹಾಗೆ. ಹಿರಿಯರ ಕೋಣೆಗೆ ಹೇಳಿದರೆ ಕಡಲಿಗೆ ಹೇಳಿದ ಹಾಗೆ. ನಸುಕಿನಲ್ಲಿ ಜಾಡಿಕಟ್ಟೆಯ ಮೇಲೆ ಒಂದು ಬಟ್ಟಲು ತಿಳಿನೀರಿಟ್ಟು, ಅಂಗೈ ಉಜ್ಜಿ ಬೇಡಿಕೊಳ್ಳುವುದು ಅತ್ತೆ ಕಲಿಸಿದ ನೇಮ. ನೀರಿಡುವುದನ್ನು ಅವಳು ಬಿಡಲಿಲ್ಲ. ಅಂಗೈಯೂ ಉಜ್ಜುತ್ತಿದ್ದಳು. ಬೇಡುವ ಮಾತು ಮಾತ್ರ ಬರುತ್ತಿರಲಿಲ್ಲ.

ಇವತ್ತಿನ ಬಸ್ಸಿಗೆ ಊರ ಮುಖಂಡ ಗ್ವಾಂಗ್‌ಪ್ಯೊ ಒಂದು ಮಾತು ಕೊಟ್ಟುಬಿಟ್ಟಿದ್ದ: ಪ್ರತಿಯೊಬ್ಬ ಅತಿಥಿಗೂ ಅನ್ನದುಂಡೆಯ ಮೇಲೆ ಒಂದು ಹನಿ ಬೀಜದ ಜಾಂಗ್.

“ಅತ್ತಿಗೇ! ಎದ್ದಿದೀರಾ? ಬಸ್ಸು ತಿರುವಿಗೆ ಬಂತಂತೆ!” ಗ್ವಾಂಗ್‌ಪ್ಯೊ ಅಂಗಳದಿಂದಲೇ ಕೂಗಿದ. ಊರ ಧ್ವನಿವರ್ಧಕದಲ್ಲಿ ಮಾತಾಡಿ ಮಾತಾಡಿ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು.

“ಧೂಳು ಕಣಪ್ಪಾ. ಇವತ್ತು ಮುಚ್ಚಳ ತೆಗೆಯೋ ಹಾಗಿಲ್ಲ.”

“ಅಯ್ಯೋ, ಅಷ್ಟು ದೂರದಿಂದ ಬಂದೋರಿಗೆ ಧೂಳು ಅಂತ ಹೇಳೋದಾ? ಧೂಳೂ ಹೊರದೇಶದ್ದೇ, ಅವರೂ ಹೊರದೇಶದೋರೇ. ಒಬ್ರಿಗೊಬ್ರು ಗುರುತಿರುತ್ತೆ ಬಿಡಿ.”

ಗೋಡೆಯಾಚೆಯಿಂದ ಹಾದೊಂಗಮ್ಮನ ತಲೆವಸ್ತ್ರ ಮೇಲೆದ್ದಿತು. “ಮುಖಂಡ್ರೇ, ನಿಮ್ಮ ನೆಂಟರಿಗೆ ಒಂದ್ ಮಾತು ಹೇಳಿ. ಹೋದ್ಸಲ ನನ್ನ ಬೆಳ್ಳುಳ್ಳಿ ಹೊಲದಲ್ಲಿ ನಿಂತು ಫೋಟೋ ತೆಗೆದೂ ತೆಗೆದೂ, ಕಡುಬಿನ ಹಿಟ್ಟು ಕುಟ್ಟಿದ ಹಾಗೆ ಕುಟ್ಟಿಬಿಟ್ಟಿದ್ರು. ಈ ಮನೆಯೋರಿಗೆ ಹೆಸರು, ನನಗೆ ಹೆಜ್ಜೆ.”

“ಬೇಲಿ ಹಾಕಿಸ್ತೀನಿ, ಹಾದೊಂಗಕ್ಕ. ಈಗ ನಿಮ್ಮ ಸೊಸೇನ ಸ್ವಲ್ಪ ಕಳಿಸಿ, ಅನ್ನದುಂಡೆ ಹಂಚೋಕೆ ಒಂದ್ ಕೈ ಬೇಕು.”

“ಕರ್ಕೊಂಡ್ ಹೋಗಿ. ಹೊರಗಿನೋರಿಗೆ ಹೊರಗಿನೋಳೇ ಸರಿ.”

ಹಾದೊಂಗಮ್ಮನ ಸೊಸೆ ಥುಯಿ ವಿಯೆಟ್ನಾಮಿನವಳು. ಅವಳ ತವರು ಫಾನ್‌ತಿಯೆತ್, ಮೀನುರಸ ಇಳಿಸುವವರ ಕಡಲೂರು. ಆ ಹೆಸರು ನಮ್ಮ ಹೆಂಗಸರ ನಾಲಿಗೆಗೆ ಹೊರಳಲಿಲ್ಲ, ಹಾಗಾಗಿ ಅವಳನ್ನು ಥುಯಿ ಎಂದೇ ಬಿಟ್ಟರು. ನಮ್ಮೂರಲ್ಲಿ ಸ್ವಂತ ಹೆಸರು ಉಳಿಸಿಕೊಂಡ ಸೊಸೆ ಅವಳೊಬ್ಬಳೇ. ಅದು ಗೌರವವೋ ಅಲ್ಲವೋ ಅವಳಿಗೆ ಇನ್ನೂ ತಿಳಿದಿರಲಿಲ್ಲ. ಬಂದು ಮಗುವನ್ನು ಶಾಲೆಗೆ ಕಳಿಸುವಷ್ಟು ಕಾಲವಾಗಿದ್ದರೂ ಅತ್ತೆಯ ಜಾಡಿಗಳನ್ನು ಅವಳು ಮುಟ್ಟಿರಲಿಲ್ಲ. “ಹೊರಗಿನ ಕೈ ಬಿದ್ರೆ ಜಾಂಗ್ ಮುನಿಸ್ಕೊಳ್ಳುತ್ತೆ” ಎಂದು ಹಾದೊಂಗಮ್ಮ ಮೊದಲ ದಿನವೇ ಹೇಳಿದ್ದಳು.

ಬಸ್ಸು ಬಂತು. ಇಳಿದವರು ಮುಖಗವಸು ಹಾಕಿಕೊಂಡು, ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಧಾರಾವಾಹಿಯಲ್ಲಿ ಕಂಡಿದ್ದ ಜಗುಲಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಹಿರಿಯರ ಕೋಣೆಯಿಂದ ಇಬ್ಬರು ಮುದುಕರು ಬಂದು ಬಿಸಿಲಿಲ್ಲದ ಬಿಸಿಲಲ್ಲಿ ಕೂತಿದ್ದರು.

“ಅಲ್ವೋ, ಏನ್ ಕಾಣುತ್ತೆ ಇವ್ರಿಗೆ ನಮ್ಮ ಸೀರಿಯಲ್‌ಗಳಲ್ಲಿ?”

“ನಮ್ಮೋರು ಅಳೋದು ಚೆನ್ನಾಗಿರುತ್ತೆ. ಬೇರೆ ದೇಶದೋರು ಎರಡು ಹನಿ ಹಾಕಿ ಎದ್ದುಹೋಗ್ತಾರೆ. ನಮ್ಮೋರು ಕೂತು ಅಳ್ತಾರೆ, ಮಳೇಲಿ ನಿಂತು ಅಳ್ತಾರೆ, ಬಾಯ್ತುಂಬ ಅನ್ನ ಇಟ್ಕೊಂಡು ಅಳ್ತಾರೆ.”

“ಅದೆಲ್ಲ ಇಲ್ಲ. ಹುಡುಗ್ರು ಚೆಂದ ಇರ್ತಾರೆ, ಅಷ್ಟೇ.”

“ಹಾಗಿದ್ರೆ ನಿನ್ನ ಮುಖ ನೋಡಿದ ಕೂಡ್ಲೇ ಬಸ್ಸು ವಾಪಸ್ ಹೋಗ್ಬೇಕಿತ್ತು.”

ಗ್ವಾಂಗ್‌ಪ್ಯೊಗೂ ಅದೇ ಕುತೂಹಲ. ಬಸ್ಸಿನ ಜೊತೆ ಬಂದ ದುಭಾಷಿ ಹುಡುಗಿಯ ಮೂಲಕ ಕೇಳಿಯೇಬಿಟ್ಟ. ಅತಿಥಿಗಳಲ್ಲಿ ಪೆರು ದೇಶದ ಯೊವಾನಾ ಎಂಬ ದಪ್ಪನೆಯ ಹೆಂಗಸೊಬ್ಬಳಿದ್ದಳು. ಆಸ್ಪತ್ರೆಯಲ್ಲಿ ನರ್ಸಂತೆ. ಕಣ್ಣ ಕೆಳಗೆ ನಿದ್ದೆಯ ಬಾಕಿ ಎದ್ದು ಕಾಣುತ್ತಿತ್ತು. ಅವಳು ಸ್ವಲ್ಪ ಯೋಚಿಸಿ ಹೇಳಿದ್ದನ್ನು ದುಭಾಷಿ ನಮ್ಮ ಮಾತಿಗೆ ತಂದಳು.

“ಇವ್ರ ಕಡೆ ಕಥೆಗಳಲ್ಲಿ ಯಾರೂ ಸುಸ್ತಾಗಲ್ವಂತೆ. ನಮ್ಮ ಕಥೆಗಳಲ್ಲಿ ಆಗ್ತಾರಂತೆ. ಹುಡುಗಿ ಕೆಲ್ಸದಿಂದ ಬರ್ತಾಳೆ, ಚಪ್ಪಲಿ ಬಿಡ್ತಾಳೆ, ನೆಲದ ಮೇಲೆ ಕೂತು ಪಾತ್ರೆಯಿಂದಲೇ ತಿಂತಾಳೆ. ಇವ್ರೂ ಮನೆಗೆ ಹಾಗೇ ಬರೋದಂತೆ. ವ್ಯತ್ಯಾಸ ಇಷ್ಟೇ ಅಂತೆ, ಆ ಹುಡುಗೀನ ಯಾರಾದ್ರೂ ಒಬ್ರು ‘ಊಟ ಆಯ್ತಾ’ ಅಂತ ಕೇಳ್ತಾರೆ.”

ಇದು ಮುದುಕರಿಬ್ಬರಿಗೂ ಹೊಳೆದಿರಲಿಲ್ಲ. ಊಟ ಆಯ್ತಾ ಎಂದು ಕೇಳುವುದನ್ನು ನೋಡಲು ಯಾರಾದರೂ ಸಮುದ್ರ ದಾಟಿ ಬರುತ್ತಾರೆಯೇ?

ಮಧ್ಯಾಹ್ನದ ಹೊತ್ತಿಗೆ ತೆಂಕಣದಿಂದ ಗಾಳಿ ಎದ್ದಿತು. ಪರದೆ ಸರಿದ ಹಾಗೆ ಧೂಳು ಸರಿಯಿತು. ಮೊದಲು ಗುಡ್ಡದ ನೆತ್ತಿ, ಆಮೇಲೆ ಅದರ ಸೊಂಟ.

“ನೋಡಿದ್ರಾ ಅತ್ತಿಗೆ, ಗುಡ್ಡ ವಾಪಸ್ ಬಂತು!” ಗ್ವಾಂಗ್‌ಪ್ಯೊ ಚಪ್ಪಾಳೆ ತಟ್ಟಿದ. “ಬನ್ನಿ ಎಲ್ಲಾ, ಜಾಡಿಕಟ್ಟೆ ಹತ್ರ ಬನ್ನಿ.”

ನಮ್ಹೆಯಮ್ಮ ಕೂತಿದ್ದ ಜಗುಲಿಯಿಂದ ಏಳಲಿಲ್ಲ. ದೇವರು ಬೆಳಗ್ಗೆ ಕೊಟ್ಟ ಧೂಳನ್ನು ಮಧ್ಯಾಹ್ನಕ್ಕೆ ವಾಪಸ್ ತೆಗೆದುಕೊಂಡಿದ್ದ. ನೆರೆದವರ ಎದುರು ಮುಚ್ಚಳ ತೆಗೆಯಬೇಕು, ಇಲ್ಲವೇ ಏನಾದರೂ ಸುಳ್ಳು ಹೇಳಬೇಕು. ಸುಳ್ಳು ಹುಡುಕಲೂ ಅವಳಿಗೆ ತ್ರಾಣವಿರಲಿಲ್ಲ.

ಆಗ ಆ ಪೆರುವಿನ ಹೆಂಗಸು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, ಧಾರಾವಾಹಿ ನೋಡಿ ಕಲಿತ ಮಾತಿನಲ್ಲಿ ಕೇಳಿದಳು: “ಅಮ್ಮಾ, ಊಟ ಆಯ್ತಾ?”

“ಆಯ್ತು, ಆಯ್ತು” ಎಂದಳು ನಮ್ಹೆಯಮ್ಮ, ಅಭ್ಯಾಸದಿಂದ.

ಯೊವಾನಾ ನಕ್ಕು ದುಭಾಷಿಯ ಕಡೆ ತಿರುಗಿ ಏನೋ ಹೇಳಿದಳು. ದುಭಾಷಿಯೂ ನಕ್ಕಳು. “‘ಆಯ್ತು’ ಅನ್ನೋರು ಯಾರೂ ಉಂಡಿರಲ್ಲ, ಅದು ಎಲ್ಲಾ ಸೀರಿಯಲ್‌ನಲ್ಲೂ ನೋಡಿದೀನಿ ಅಂತಿದಾರೆ.”

ತನ್ನ ಪಾಲಿನ ಅನ್ನದುಂಡೆಯನ್ನು ಯೊವಾನಾ ಅವಳ ಅಂಗೈಯಲ್ಲಿಟ್ಟಳು. ನಮ್ಹೆಯಮ್ಮ ಆ ಉಂಡೆಯನ್ನು ನೋಡಿದಳು. ಬಂದವರಿಗೆಲ್ಲ ಬಡಿಸುತ್ತಿದ್ದವಳು ಅವಳೇ; ತನಗೆ ಯಾರಾದರೂ ಕೊನೆಯ ಸಲ ತುತ್ತು ಕೊಟ್ಟದ್ದು ಯಾವಾಗ ಎಂಬುದು ಅವಳಿಗೆ ನೆನಪಾಗಲಿಲ್ಲ. ಇಂಥವಳಿಗೆ ಸುಳ್ಳು ಹೇಳುವುದು ಹೇಗೆ? ಅವಳು ಉಂಡೆಯನ್ನು ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡು, ಎದ್ದು, ಜಾಡಿಕಟ್ಟೆ ಹತ್ತಿ, ಹಿರಿಯ ಜಾಡಿಯ ಮುಚ್ಚಳ ಎತ್ತಿದಳು.

ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದವಳು ಥುಯಿ. ವಾಸನೆ ಮೊದಲು ಅವಳಿಗೆ ತಾಗಿತು. ಹುದುಗುವ ಪೀಪಾಯಿಗಳ ನಡುವೆ ಅಂಬೆಗಾಲಿಟ್ಟು ಬೆಳೆದವಳು ಅವಳು. ಬದುಕಿರುವುದರ ವಾಸನೆ, ಸತ್ತದ್ದರ ವಾಸನೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ನಮ್ಹೆಯಮ್ಮನ ಕೈ ನೋಡಿದಳು. ಮುಚ್ಚಳವನ್ನು ಅರ್ಧ ಎತ್ತಿದ ಕೈ ಅಲ್ಲೇ ನಿಂತುಬಿಟ್ಟಿತ್ತು.

ಥುಯಿ ತಟ್ಟೆ ಕೆಳಗಿಟ್ಟು, ಆ ಕೈಯ ಮೇಲೆ ತನ್ನ ಕೈಯಿಟ್ಟು, ಮುಚ್ಚಳವನ್ನು ಮೆಲ್ಲಗೆ ಇಳಿಸಿದಳು. ಆಮೇಲೆ ಜನರ ಕಡೆ ತಿರುಗಿದಳು.

“ಧೂಳು ಕಣ್ಣಿಗೆ ಕಾಣದೇ ಹೋದ್ರೂ ಗಾಳೀಲಿ ಇರುತ್ತೆ. ಇಂಥ ದಿನ ಈ ಜಾಡಿಗೆ ಕೈಮುಗಿಯೋದು, ರುಚಿ ನೋಡೋದಲ್ಲ. ಅನ್ನದುಂಡೆ ಹಾಗೇ ತಿನ್ನಿ. ಅಮ್ಮ ಈಗ ನಿಮಗೋಸ್ಕರ ಬೇಡ್ಕೊಳ್ತಾರೆ.”

ಗ್ವಾಂಗ್‌ಪ್ಯೊ ಬಾಯಿ ತೆರೆದ. ಅವನು ಹುಟ್ಟಿದ ಊರಿನ ಈ ಶಾಸ್ತ್ರ ಅವನಿಗೇ ಗೊತ್ತಿರಲಿಲ್ಲ. ಆದರೆ ಅಷ್ಟರಲ್ಲಿ ದುಭಾಷಿಯ ಮಾತು ಕೇಳಿ ಅತಿಥಿಗಳು ಕೈಮುಗಿದಾಗಿತ್ತು. ನಮ್ಹೆಯಮ್ಮ ಅಂಗೈ ಉಜ್ಜಿದಳು. ವಾರಗಟ್ಟಲೆ ಬಾರದಿದ್ದ ಮಾತು ಅವತ್ತು ಬಂತು. ತನಗಾಗಿ ಏನೂ ಬೇಡಲಿಲ್ಲ. ದೂರದಿಂದ ಬಂದ ಈ ದಣಿದವರು ಮನೆ ಮುಟ್ಟಲಿ, ಮನೆಯಲ್ಲಿ ಯಾರಾದರೂ ಇವರನ್ನು ಊಟ ಆಯ್ತಾ ಎಂದು ಕೇಳಲಿ.

ಬಸ್ಸು ತೃಪ್ತಿಯಿಂದ ಹೋಯಿತು.

ಸಂಜೆ ಹಾದೊಂಗಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಥುಯಿ ಒಳಗೆ ಬಂದದ್ದೇ ಅತ್ತೆ ಶುರುಮಾಡಿದಳು. “ಅದೇನೇ ಅದು ಹೊಸ ಪೂಜೆ? ಈ ಊರಿಗೆ ಬಂದು ನನ್ನ ಹಲ್ಲು ಉದುರಿದ್ರೂ ಇಂಥ ಶಾಸ್ತ್ರ ಕೇಳಿಲ್ಲ.”

“ಅತ್ತೆ, ಪಕ್ಕದ ಮನೆ ಬೀಜದ ಜಾಂಗ್ ಸತ್ತೋಗಿದೆ.”

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. “ಯಾರ ಹತ್ರ ಹೇಳ್ದೆ?”

“ನಿಮ್ಮೊಬ್ಬರ ಹತ್ರ.”

“ಮತ್ತೆ ಆ ಸುಳ್ಳು ಯಾಕೆ ಹೇಳಿದ್ದು?”

ಥುಯಿ ಗೋಡೆಗೆ ಒರಗಿ ಕೂತಳು. ಬೆಳಗಿನಿಂದ ನಿಂತೇ ಇದ್ದಳು. “ಒಂದ್ ವರ್ಷ ನಮ್ಮಮ್ಮನ ಮೀನುರಸ ಕೆಟ್ಟಿತ್ತು. ಅವತ್ತು ಅವಳ ಕೈಯೂ ಮುಚ್ಚಳ ಹಿಡಿದು ಹಾಗೇ ಅರ್ಧದಲ್ಲಿ ನಿಂತಿತ್ತು.” ಕಾಲು ಚಾಚಿಕೊಂಡು ಅಂದಳು: “ಅತ್ತೆ, ಅಮ್ಮನೂ ನಾನೂ ನಿಮ್ಮ ದೇಶದ ಸೀರಿಯಲ್ ನೋಡ್ತಿದ್ದದ್ದು ಪ್ರೀತಿ ಪ್ರೇಮ ನೋಡೋಕಲ್ಲ. ಊಟದ ಹೊತ್ತಲ್ಲಿ ಯಾರೋ ಒಬ್ರು ಸುಮ್ನೆ ಮೀನಿನ ಮುಳ್ಳು ತೆಗೆದು ಇನ್ನೊಬ್ರ ಅನ್ನದ ಮೇಲೆ ಇಡ್ತಾರಲ್ಲ, ಅದಕ್ಕೆ. ಅಮ್ಮ ಒಳಗಿನಿಂದ ‘ಇಟ್ರಾ? ಇಟ್ರಾ?’ ಅಂತ ಕೂಗ್ತಿದ್ಲು. ಹಾಗೆ ಇಡೋರ ದೇಶಕ್ಕೆ ಹೋಗು ಅಂತ ಕಳಿಸಿದ್ದು ಅವಳೇ.”

“ನಾನಿಡಲ್ವೇನೇ ನಿನಗೆ?”

“ಇಡ್ತೀರ. ಬೈಕೊಂಡ್ ಇಡ್ತೀರ. ಸೀರಿಯಲ್‌ನಲ್ಲಿ ಬೈಗುಳ ಇಷ್ಟಿರಲಿಲ್ಲ.”

ಹಾದೊಂಗಮ್ಮನಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಅವಳು ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟಳು.

“ನಾನು ಈ ಮನೆಗೆ ಬಂದ ವರ್ಷ ಹೊಳೆ ನುಗ್ಗಿ ನಮ್ಮ ಜಾಡಿಗಳನ್ನೆಲ್ಲ ಎತ್ಕೊಂಡು ಹೋಯ್ತು. ನಮ್ಮತ್ತೆ ಬರೀ ಕಟ್ಟೆ ಮೇಲೆ ಕೂತು ಸಾವಿನ ಮನೇಲಿ ಅಳೋ ಹಾಗೆ ಅತ್ಲು. ಆಗ ಆ ಮನೆ ಮುದುಕಿ, ನಮ್ಹೆಯವಳ ಅತ್ತೆ, ಗೋಡೆ ಮೇಲಿಂದ ನನಗೆ ಒಂದು ಬಟ್ಟಲು ಬೀಜದ ಜಾಂಗ್ ಕೊಟ್ಲು. ಮನೆ ದಾಟಿಸಬಾರದ್ದು ಅದು. ‘ಯಾರಿಗೂ ಹೇಳ್ಬೇಡ, ನಮಗೆ ಬೇಕಾದ ದಿನ ವಾಪಸ್ ಕೊಡು’ ಅಂದ್ಲು. ಅವಳಿಗೆ ಬೇಕಾಗಲೇ ಇಲ್ಲ, ಹೋಗಿಬಿಟ್ಲು. ಊರೆಲ್ಲ ಹಾದೊಂಗಮ್ಮನ ಜಾಂಗ್, ಹಾದೊಂಗಮ್ಮನ ಜಾಂಗ್ ಅಂದಾಗ ನಾನೂ ಹೊಗಳಿಸ್ಕೊಂಡೆ.”

“ಹಾಗಾದ್ರೆ ನಮ್ಮ ಮೂಲೇಲಿರೋ ಆ ಚಿಕ್ಕ ಜಾಡಿ…”

“ಅದೇ. ಅವರದ್ದೇ. ಆ ಮನೇದು ಸತ್ತಿಲ್ಲ ಕಣೇ, ಇಲ್ಲಿದೆ.” ಹಾದೊಂಗಮ್ಮ ಮಂಡಿ ಹಿಡಿದುಕೊಂಡು ಎದ್ದಳು. “ನಾಳೆ ಬೆಳಗ್ಗೆ ಮಿಂದು ಬಾ. ನೀನೇ ತೆಗಿ, ನೀನೇ ತಗೊಂಡು ಹೋಗಿ ಕೊಡು.”

“ನಾನಾ? ಹೊರಗಿನ ಕೈ ಅಂದಿದ್ರಿ.”

“ಅಂದಿದ್ದೆ. ಆ ಮನೇಲಿ ಕೆಡಿಸಿದ್ದು ಹೊರಗಿನ ಕೈಯಾ? ನಾನ್ ಹೋದ್ರೆ ನನ್ನ ಬಾಯಿ ಸುಮ್ನಿರಲ್ಲ, ಬೆಳ್ಳುಳ್ಳಿ ವಿಷಯ ತೆಗೆದುಬಿಡ್ತೀನಿ.”

ರಾತ್ರಿ ಸಣ್ಣ ಮಳೆ ಬಿದ್ದು ಗಾಳಿಯಲ್ಲಿ ಉಳಿದಿದ್ದ ಧೂಳನ್ನೂ ಇಳಿಸಿತು. ನಸುಕಿಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹಾದೊಂಗಮ್ಮ ಬಿಳಿ ಕಾಗದದ ತುಂಡು ಹಿಡಿದು ಸೊಸೆಯ ಎದುರು ನಿಂತಳು.

“ನಿನ್ನ ತವರೂರ ಹೆಸರು ಇನ್ನೊಂದ್ಸಲ ಹೇಳು.”

“ಫಾನ್‌ತಿಯೆತ್.”

“ಫಾನ್… ತಿ… ಅಯ್ಯೋ, ನಾಲಿಗೆ ಮಡಚ್ಕೊಳ್ಳುತ್ತೆ. ಇರಲಿ, ಕಲಿತೀನಿ.” ಕಾಗದವನ್ನು ಥುಯಿಯ ತುಟಿಗಳ ನಡುವೆ ಇಟ್ಟಳು. ಆಮೇಲೆ ತಾನೂ ಮಾತಾಡಲಿಲ್ಲ.

ಗೋಡೆಯಾಚೆ ನಮ್ಹೆಯಮ್ಮ ಜಾಡಿಕಟ್ಟೆಗೆ ಬಂದಿದ್ದಳು. ಹಿಂದಿನ ಸಂಜೆಯೇ ಹಿರಿಯ ಜಾಡಿಯನ್ನು ಬರಿದುಮಾಡಿ, ಕುದಿನೀರಲ್ಲಿ ತೊಳೆದು, ಕವುಚಿ ಹಾಕಿದ್ದಳು. ಇನ್ನು ಮುಚ್ಚಿಡಲು ಅವಳಿಂದ ಆಗುತ್ತಿರಲಿಲ್ಲ. ಅಂಚಿನಲ್ಲಿ ನೀಲಿ ಗೆರೆಯಿದ್ದ ಬಿಳಿ ಬಟ್ಟಲಿನಲ್ಲಿ ತಿಳಿನೀರಿಟ್ಟು, ಅಂಗೈ ಉಜ್ಜಿ, ತಲೆಯೆತ್ತಿದಳು.

ಗೋಡೆಯ ಬಳಿ ಥುಯಿ ನಿಂತಿದ್ದಳು. ತುಟಿಗಳ ನಡುವೆ ಬಿಳಿ ಕಾಗದ. ಕೈಯಲ್ಲಿ ಒಂದು ಬಟ್ಟಲು, ಅದೇ ಬಿಳಿ, ಅಂಚಿನಲ್ಲಿ ಅದೇ ನೀಲಿ ಗೆರೆ. ಜೋಡಿಯಲ್ಲಿ ಒಂದು ಎಲ್ಲಿ ಹೋಯಿತೆಂದು ಅತ್ತೆಯನ್ನು ಕೇಳಿದಾಗಲೆಲ್ಲ ಅತ್ತೆ ಮಾತು ಮರೆಸುತ್ತಿದ್ದದ್ದು ನಮ್ಹೆಯಮ್ಮನಿಗೆ ನೆನಪಾಯಿತು. ಬಟ್ಟಲಿನಿಂದ ಎದ್ದ ವಾಸನೆ ಅವಳ ಮದುವೆಯ ಮರುದಿನದ ಸಾರಿನದು.

ಥುಯಿ ಎರಡೂ ಕೈಯಿಂದ ಬಟ್ಟಲನ್ನು ಗೋಡೆಯ ಮೇಲಿಂದ ಚಾಚಿದಳು. ನಮ್ಹೆಯಮ್ಮ ಎರಡೂ ಕೈಯಿಂದ ತೆಗೆದುಕೊಂಡಳು.